ಗುಂಡಿ ಕಾಯುವ ಮನೆತನ

ನಮ್ಮೂರಿನಲ್ಲಿ ಗುಂಡಿ ತೋಡುವುದು ಕಷ್ಟವಲ್ಲ, ತೋಡಿದ ಗುಂಡಿಯನ್ನು ಉಳಿಸಿಕೊಳ್ಳುವುದು ಕಷ್ಟ. ಯಾರಾದರೂ ಒಬ್ಬರು ಅದನ್ನು ನೋಡುತ್ತಲೇ ಇರಬೇಕು. ಕಣ್ಣು ಮಿಟುಕಿಸಿದರೆ ಮಣ್ಣು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಹತ್ತು ಎಣಿಸುವಷ್ಟು ಹೊತ್ತು ಯಾರೂ ನೋಡದೆ ಹೋದರೆ ಗುಂಡಿ ಮುಚ್ಚಿಕೊಂಡುಬಿಡುತ್ತದೆ. ಮುಚ್ಚಿಕೊಳ್ಳುವುದೆಂದರೆ ಕುಸಿದು ಬೀಳುವುದಲ್ಲ. ಮೊದಲು ಹೇಗಿತ್ತೋ ಹಾಗೆ, ಮೇಲಿನ ಗರಿಕೆ ಹುಲ್ಲಿನ ಸಮೇತ. ಪಕ್ಕದಲ್ಲಿ ಗುಡ್ಡೆ ಹಾಕಿದ್ದ ಮಣ್ಣು ಎಲ್ಲಿ ಹೋಯಿತು ಎಂದು ಹೊರಗಿನವರು ಕೇಳುತ್ತಾರೆ. ನಾವು ಕೇಳುವುದಿಲ್ಲ, ನಮಗೆ ಬೇರೆ ಕೆಲಸಗಳಿವೆ. ಸುತ್ತ ಕಲ್ಲು ಕಟ್ಟಿ ಗಾರೆ ಮೆತ್ತಿಬಿಟ್ಟರೆ ಮಾತ್ರ ಮಣ್ಣು ಸೋಲೊಪ್ಪಿಕೊಳ್ಳುತ್ತದೆ. ಅಲ್ಲಿಯವರೆಗೆ ಒಂದು ಜೊತೆ ಕಣ್ಣು ಬೇಕು.

ಇದಕ್ಕೆ ಹೊಂದಿಕೊಂಡೇ ಊರು ನಡೆಯುತ್ತದೆ. ರಸ್ತೆಯಲ್ಲಿ ಗುಂಡಿ ಬಿದ್ದರೆ ಪುರಸಭೆಯವರು ಜಲ್ಲಿ ತರುವುದಿಲ್ಲ, ‘ದಯವಿಟ್ಟು ಇತ್ತ ನೋಡಬೇಡಿ’ ಎಂಬ ಬೋರ್ಡು ತಂದು ನಿಲ್ಲಿಸುತ್ತಾರೆ. ಬೋರ್ಡು ಓದಿದವರೆಲ್ಲ ಏನಿರಬಹುದು ಎಂದು ಬಗ್ಗಿ ನೋಡುವುದರಿಂದ ಪೇಟೆ ಬೀದಿಯ ಗುಂಡಿಗಳು ವರ್ಷಗಟ್ಟಲೆ ಉಳಿದಿವೆ. ಸಾವಿನ ಮನೆಯವರಿಗೆ ಮಾತ್ರ ಇದೊಂದು ಉಪಕಾರ. ಪೆಟ್ಟಿಗೆ ಇಳಿಸಿ, ಪ್ರಾರ್ಥನೆ ಮುಗಿಸಿ, ಎಲ್ಲರೂ ಒಟ್ಟಿಗೆ ಮುಖ ತಿರುಗಿಸಿ ನಿಂತರೆ ಸಾಕು, ಮಣ್ಣು ಬೀಳುವ ಸದ್ದು ಕೇಳುವ ಸಂಕಟವಿಲ್ಲ. ಬರ್ನಾತಮ್ಮ ಎಂಬ ತಾಯಿಯೊಬ್ಬಳು ಮಗಳ ಸಮಾಧಿಯ ಮುಂದೆ ಮುಖ ತಿರುಗಿಸಲಾರೆ ಎಂದು ನಾಲ್ಕು ದಿನ ಕೂತಿದ್ದಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ.

ನಾನು ಚೌರಪ್ಪ. ನಮ್ಮದು ಗುಂಡಿ ಕಾಯುವ ಮನೆತನ. ಚರ್ಚಿನ ಅಂಗಳದಲ್ಲಿ ಸಮಾಧಿಯಿರಲಿ, ಪಾಯವಿರಲಿ, ಏನೇ ಅಗೆದರೂ ಮುಕ್ಕಾಲಿ ಹಾಕಿಕೊಂಡು ಕೂತು ನೋಡುವುದು ನಮ್ಮ ಹಕ್ಕು. ಇದೂ ಒಂದು ಕೆಲಸವೇ ಎಂದು ಕೇಳುವವರಿದ್ದಾರೆ. ನನ್ನ ಹೆಂಡತಿಯೂ ಕೇಳಿದ್ದಳು. ಒಂದು ದಿನ ಅಡುಗೆಮನೆಯ ಹಿಂದೆ ನಿಂಬೆ ಗಿಡಕ್ಕೆಂದು ತೋಡಿದ ಗುಂಡಿಯನ್ನು ಅರ್ಧ ಗಂಟೆ ನೋಡಿಕೋ ಎಂದು ಅವಳಿಗೆ ಹೇಳಿ ಹೋದೆ. ಒಳಗೆ ಹಾಲು ಉಕ್ಕಿತು. ಗಿಡವೂ ಹೋಯಿತು, ಗುದ್ದಲಿಯೂ ಹೋಯಿತು. ಆಮೇಲೆ ಅವಳು ಆ ಮಾತು ಎತ್ತಿಲ್ಲ. ಸಂಬಳವೆಂದು ದೊಡ್ಡದಾಗಿ ಏನೂ ಇಲ್ಲದಿದ್ದರೂ ನಮಗೊಂದು ಮರ್ಯಾದೆಯಿತ್ತು: ಕಾಯುವವನು ಒಂದು ವಿಷಯವನ್ನು ‘ಕಂಡೆ’ ಎಂದು ಹೇಳಿದರೆ ಊರಿನಲ್ಲಿ ಅದಕ್ಕೆ ಎದುರು ಮಾತಿಲ್ಲ. ಗಡಿ ಜಗಳ, ಹಸು ಕಳೆದ ಜಗಳ, ಎಲ್ಲವೂ ನಮ್ಮ ಅಪ್ಪನ ಆ ಒಂದು ಮಾತಿನಿಂದ ತೀರಿದ್ದನ್ನು ನಾನು ನೋಡಿದ್ದೇನೆ.

ನಮ್ಮ ಚರ್ಚು ಇನ್ನೂರ ಅರವತ್ತು ವರ್ಷ ಹಳೆಯದು. ಅಷ್ಟು ವರ್ಷವೂ ಅದಕ್ಕೊಂದು ಶೌಚಾಲಯವಿರಲಿಲ್ಲ. ಭಾನುವಾರದ ಪ್ರಸಂಗ ಉದ್ದವಾದರೆ ಗಂಡಸರು ಬೇಲಿಯ ಕಡೆ ಹೋಗುತ್ತಿದ್ದರು, ಹೆಂಗಸರು ಸಹಿಸಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಬಂದ ಫಾದರ್ ಮರಿಯದಾಸ್ ಅವರು ಪ್ರಸಂಗವನ್ನು ಗಿಡ್ಡ ಮಾಡುವ ಬದಲು ಶೌಚಾಲಯ ಕಟ್ಟಿಸುವುದೆಂದು ತೀರ್ಮಾನಿಸಿದರು. ಅರ್ಜಿ ಹೋಯಿತು. ಕಟ್ಟಡ ಹಳೆಯದಾದ್ದರಿಂದ ಪುರಾತತ್ವ ಇಲಾಖೆಯಿಂದ ಒಂದು ಕಾಗದ ಬಂತು. ಅಗೆತ ನಡೆಯುವಷ್ಟು ಹೊತ್ತೂ ಇಲಾಖೆಯ ಪ್ರತಿನಿಧಿಯೊಬ್ಬರು ಖುದ್ದಾಗಿ ಹಾಜರಿದ್ದು ಗುಂಡಿಯನ್ನು ನೋಡತಕ್ಕದ್ದು ಎಂದು ಅದರಲ್ಲಿತ್ತು. ಫಾದರ್ ಇದನ್ನು ಪೂಜೆಯ ಕೊನೆಯಲ್ಲಿ ಓದಿ ಹೇಳಿದಾಗ ಜನರೆಲ್ಲ ನನ್ನ ಕಡೆ ತಿರುಗಿದರು. ಸರಕಾರದಲ್ಲೂ ನಮ್ಮ ಕಸುಬಿನವರು ಇದ್ದಾರೆ, ಅವರಿಗೆ ಪಿಂಚಣಿಯೂ ಇದೆ ಎಂದು ತಿಳಿದು ನನ್ನ ಹೆಂಡತಿ ನಿಟ್ಟುಸಿರು ಬಿಟ್ಟಳು.

ನಾನು ಮಾತ್ರ ಕಾಗದದ ಜೊತೆಗಿದ್ದ ನಕ್ಷೆಯನ್ನು ನೋಡಿ ಬೆವೆತುಹೋದೆ. ಮಲದ ಗುಂಡಿಗೆಂದು ಗುರುತು ಹಾಕಿದ್ದ ಜಾಗ ಪೂಜಾವಸ್ತ್ರಗಳ ಕೋಣೆಯ ಹಿಂದಿನ ಬಯಲು. ಇಡೀ ಅಂಗಳದಲ್ಲಿ ಎಲ್ಲಿ ಅಗೆದರೂ ನನಗೆ ಚಿಂತೆಯಿರಲಿಲ್ಲ, ಅಲ್ಲಿ ಅಗೆಯಬಾರದಾಗಿತ್ತು. ಯಾಕೆ ಎಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಸಾಕಾಗಿದೆ.

ನಲವತ್ತು ವರ್ಷದ ಹಿಂದೆ ಚರ್ಚಿನ ಗಂಟೆ ಸೀಳು ಬಿಟ್ಟಿತು. ಎರಕ ಹೊಯ್ಯುವವನೊಬ್ಬ ದೂರದಿಂದ ಬಂದು, ಆ ಬಯಲಿನಲ್ಲಿ ಆಳಕ್ಕೆ ಗುಂಡಿ ತೋಡಿಸಿ, ಒಳಗೆ ಜೇಡಿಮಣ್ಣಿನ ಅಚ್ಚು ಕೂರಿಸಿ, ಹಳೆಯ ಗಂಟೆಯನ್ನೇ ಕರಗಿಸಿ ಹೊಸದನ್ನು ಹೊಯ್ದ. ಮೂರು ದಿನ ಗುಂಡಿಯಲ್ಲೇ ಆರಲಿ, ಆಮೇಲೆ ಅಚ್ಚು ಒಡೆದು ಎತ್ತಿಕೊಳ್ಳಿ ಎಂದು ಹೇಳಿ ತನ್ನ ದಾರಿ ಹಿಡಿದ. ಅಪ್ಪ ಮತ್ತು ಚಿಕ್ಕಪ್ಪ ಸರದಿಯಲ್ಲಿ ಕಾದರು. ಮೂರನೆಯ ದಿನ ಮಧ್ಯಾಹ್ನ ಅಪ್ಪ ಹಂದಿ ಸಾರು, ರಾಗಿ ಮುದ್ದೆ ಉಂಡು ಕೂತಿದ್ದ. ಚಿಕ್ಕಪ್ಪ ಊಟಕ್ಕೆ ಹೋಗಿದ್ದ. ಅಪ್ಪನಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಮುಂದೆ ಗರಿಕೆ ಹುಲ್ಲು ಬೆಳೆದು ನಿಂತಿತ್ತು. ಗುಂಡಿಯ ಅಂಚು ಎಲ್ಲಿತ್ತು ಎಂದು ಕೂಡ ಗೊತ್ತಾಗುತ್ತಿರಲಿಲ್ಲ. ಆಗ ಅಲ್ಲಿ ಹತ್ತಿರವಿದ್ದವನು ಒಬ್ಬನೇ, ಗಂಟೆ ಹೊಡೆಯುವ ಸಂತ್ಯಾಗಪ್ಪ. ಅವನು ಹೊಸ ಗಂಟೆಗೆಂದು ಗೋಪುರದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅಪ್ಪ ಊರಿನವರ ಮುಂದೆ ನಿಂತು ಹೇಳಿದ: “ಸಂತ್ಯಾಗ ಬಂದ, ಅಚ್ಚು ಒಡೆದ, ಗಂಟೇನ ಗಾಡಿ ಮೇಲೆ ಹಾಕ್ಕಂಡು ಹೋದ. ಕಂಡೆ. ಇನ್ನು ಬರೀ ಗುಂಡಿ ಯಾಕೆ ಅಂತ ಮಕ ತಿರುಗಿಸ್ದೆ.”

ಕಾಯುವವನು ಕಂಡೆ ಅಂದ ಮೇಲೆ ಮುಗಿಯಿತು. ಸಂತ್ಯಾಗಪ್ಪ ಗಂಟೆಕಳ್ಳನಾದ. ಚರ್ಚಿನ ಕೆಲಸದಿಂದ ಅವನನ್ನು ಬಿಡಿಸಿದರು. ಆರು ವರ್ಷ ಬದುಕಿದ್ದು ಸತ್ತ. ಅವನ ಮಗಳು ಆಗ್ನೇಸಮ್ಮನಿಗೆ ಗಂಟೆ ಹೋದಾಗ ಹದಿನಾರು ವರ್ಷ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಗೇಟಿನಿಂದಲೇ ಹಿಂದಕ್ಕೆ ಹೋಯಿತು. ಅವಳು ಚರ್ಚಿನ ಎದುರಿಗೇ ಇಸ್ತ್ರಿ ಅಂಗಡಿ ಇಟ್ಟಳು. ಊರಿನಲ್ಲಿ ಬೇರೆ ಇಸ್ತ್ರಿ ಅಂಗಡಿಯಿಲ್ಲ. ಜನ ಬಟ್ಟೆಯ ಗಂಟನ್ನು ಅವಳ ಮೇಜಿನ ಮೇಲೆ ಇಟ್ಟು, ಮಾತಾಡದೆ ಹೋಗುತ್ತಾರೆ. ಮಾರನೆಯ ದಿನ ಬಂದು, ಮಾತಾಡದೆ ತೆಗೆದುಕೊಂಡು ಹೋಗುತ್ತಾರೆ. ಕಳ್ಳನ ಮಗಳ ಜೊತೆ ಮಾತಾಡದಿರುವುದು ಮರ್ಯಾದೆ, ಸುಕ್ಕಾದ ಅಂಗಿ ಹಾಕದಿರುವುದೂ ಮರ್ಯಾದೆ. ಚರ್ಚಿಗೆ ಅಂದಿನಿಂದ ಗಂಟೆಯಿಲ್ಲ. ಹುಣಸೆ ಮರಕ್ಕೆ ರೈಲು ಕಂಬಿಯ ತುಂಡು ನೇತು ಹಾಕಿ ಸುತ್ತಿಗೆಯಿಂದ ಬಾರಿಸುತ್ತಾರೆ. ಮದುವೆಗೂ ಸಾವಿಗೂ ಒಂದೇ ಸದ್ದಾದ್ದರಿಂದ ಯಾವ ಬಟ್ಟೆ ಹಾಕಿಕೊಂಡು ಹೋಗಬೇಕೆಂದು ತಿಳಿಯುವುದಿಲ್ಲ. ಅಪ್ಪ ಈ ಎಲ್ಲವನ್ನೂ ನನಗೆ ಹೇಳಿದ್ದು ಮುಕ್ಕಾಲಿಯನ್ನು ನನ್ನ ಕೈಗೆ ಕೊಟ್ಟ ದಿನ. ಮೂವತ್ತೊಂದು ವರ್ಷ ನಾನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಪ್ಪನ ಹೆಸರು, ನನ್ನ ಕಸುಬು, ನಮ್ಮ ಮನೆಯವರ ಮಾತಿಗಿದ್ದ ಬೆಲೆ, ಎಲ್ಲವೂ ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತಿತ್ತು.

ಜಾಗ ಬದಲಾಯಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಲ್ಲಿ ಬೇರುಗಳಿವೆ ಅಂದೆ. ಫಾದರ್ ಸುತ್ತ ನೋಡಿ, ಮರವೇ ಇಲ್ಲವಲ್ಲ ಅಂದರು. ಗಾಳಿ ಬೀಸಿದರೆ ವಾಸನೆ ಪೀಠದವರೆಗೂ ಬರುತ್ತದೆ ಅಂದೆ. ಧೂಪ ಇದೆಯಲ್ಲ ಅಂದರು. ಅಷ್ಟರಲ್ಲಿ ಇಲಾಖೆಯ ಪ್ರತಿನಿಧಿ ಬಸ್ಸಿನಿಂದ ಇಳಿದೇಬಿಟ್ಟರು. ಹೈಮವತಿ ಮೇಡಂ, ಮೂವತ್ತರ ಆಸುಪಾಸು, ಅಗಲವಾದ ಹ್ಯಾಟು, ಬೆನ್ನಿಗೊಂದು ಚೀಲ, ಚೀಲದ ತುಂಬ ದಾರ, ಗೂಟ, ಬ್ರಷ್ಷು, ಕೆಂಪು ಬಿಳಿ ಬಣ್ಣದ ಅಳತೆ ಕೋಲು. ನಾನು ಮುಕ್ಕಾಲಿ ಹಿಡಿದು ನಿಂತಿದ್ದನ್ನು ನೋಡಿ ಕೇಳಿದರು.

“ನೀವೇನು ಮಾಡ್ತೀರಿ ಇಲ್ಲಿ?”

“ಗುಂಡಿ ನೋಡ್ತೀನಿ ಮೇಡಂ.”

“ಅರೆ, ನಾನೂ ಅದೇ!” ಎಂದು ಅವರು ನಕ್ಕು ಕೈ ಮುಗಿದರು. ಒಳ್ಳೆಯ ಹುಡುಗಿ ಅನ್ನಿಸಿ ನನಗೆ ಇನ್ನಷ್ಟು ಭಯವಾಯಿತು.

ಮೊದಲ ದಿನ ಮೇಸ್ತ್ರಿ ದೊಡ್ಡಯ್ಯನ ಆಳುಗಳು ಮೊಣಕಾಲುದ್ದ ಅಗೆದರು. ಊಟದ ಹೊತ್ತಾಯಿತು. ನಾನು ಕೂತಲ್ಲೇ ಕೂತಿದ್ದೆ. ಮೇಡಂ ಕನಿಕರದಿಂದ, “ನೀವೂ ಹೋಗಿ ಊಟ ಮಾಡ್ಕೊಂಡು ಬನ್ನಿ ಚೌರಪ್ಪನವರೇ, ಗುಂಡಿ ಎಲ್ಲಿಗೆ ಹೋಗುತ್ತೆ?” ಅಂದರು. ಇಲಾಖೆಯ ಮಾತು ಮೀರಬಾರದಲ್ಲ, ಸಂತೋಷವಾಗಿ ಹೋದೆ. ತಿರುಗಿ ಬಂದಾಗ, ಕೈ ತೊಳೆಯಲು ಹೋಗಿ ಬಂದಿದ್ದ ಮೇಡಂ ಹುಲ್ಲಿನ ಮೇಲೆ ನಿಂತು ತಮ್ಮ ಕಾಲ ಕೆಳಗೆ ನೋಡುತ್ತಿದ್ದರು. ಅಳತೆ ಕೋಲು ಒಳಗೆ ಹೋಗಿತ್ತು. ಗೂಟ, ದಾರ, ಗುಂಡಿಯ ಅಂಚಿನ ಮೆಟ್ಟಿಲ ಮೇಲೆ ಇಟ್ಟಿದ್ದ ಅವರ ಊಟದ ಡಬ್ಬಿ, ಎಲ್ಲವೂ ಹೋಗಿತ್ತು.

“ಇದೇನ್ರೀ ಇದು?”

“ಮುಚ್ಕೊಂಡಿದೆ ಮೇಡಂ.”

“ಅದು ಕಾಣುತ್ತೆ. ಯಾಕೆ ಮುಚ್ಕೊಂಡಿದೆ?”

“ನಾವು ನೋಡ್ಲಿಲ್ಲವಲ್ಲ,” ಅಂದೆ. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ಓದಿದವರ ಒಂದು ಗುಣವೆಂದರೆ ಕಣ್ಣಿಗೆ ಕಂಡದ್ದನ್ನು ಬರೆದುಕೊಂಡುಬಿಟ್ಟರೆ ಅವರಿಗೆ ಸಮಾಧಾನವಾಗುತ್ತದೆ. ಮೇಡಂ ಬರೆದುಕೊಂಡರು. ಮಾರನೆಯ ದಿನ ಮತ್ತೆ ಅಗೆಸಿದರು. ಮೇಸ್ತ್ರಿ ಗುದ್ದಲಿ ಎತ್ತಿದರೆ ಕೈ ಅಡ್ಡ ಹಿಡಿದು, ಬೆರಳಗಲ ಬೆರಳಗಲ ಮಣ್ಣು ಕೆರೆದು, ಬ್ರಷ್ಷಿನಿಂದ ಗುಡಿಸಿ, ಮೂಸಿ ನೋಡಿ, ಬಣ್ಣ ಬರೆದುಕೊಳ್ಳುತ್ತಿದ್ದರು. “ಏನ್ ಮೇಡಮ್ಮೋರೆ, ಹಲ್ಲುಜ್ಜೋ ಸಾಮಾನಲ್ಲಿ ಕಕ್ಕಸ್ ಗುಂಡಿ ತೋಡದಾ?” ಎಂದು ದೊಡ್ಡಯ್ಯ ತಲೆ ಚಚ್ಚಿಕೊಂಡ. ಸಂಜೆಯಾದರೆ ಕಲ್ಲು ಕಟ್ಟಲು ಆಳ ಸಾಲದು, ರಾತ್ರಿ ಕಾಯಲು ನನಗೆ ಸರದಿಯ ಜೊತೆಗಾರನಿಲ್ಲ; ನಾವೆಲ್ಲ ಮುಖ ತಿರುಗಿಸಿ ಮನೆಗೆ ಹೋಗುವುದು, ಬೆಳಿಗ್ಗೆ ಬಂದು ಮತ್ತೆ ಹುಲ್ಲಿನಿಂದ ಶುರು ಮಾಡುವುದು. ಒಂದು ಹಳೆಯ ತಾಮ್ರದ ಕಾಸು ಸಿಕ್ಕಿತು. ಸಿಕ್ಕಿದ್ದನ್ನು ಸಿಕ್ಕಿದಲ್ಲೇ ಬಿಟ್ಟು ಚಿತ್ರ ತೆಗೆಯಬೇಕೆಂಬ ನಿಯಮವಿದೆಯಂತೆ. ಬೆಳಕು ಸಾಲದೆಂದು ಬಿಟ್ಟರು, ಸಂಜೆ ಮುಚ್ಚಿಕೊಂಡಿತು. ಅದೇ ಕಾಸನ್ನು ಮೂರು ದಿನ ಮೂರು ಸಲ ಕಂಡುಹಿಡಿದು ಮೂರು ಸಲವೂ ಪಟ್ಟಿಗೆ ಸೇರಿಸಿದರು. ಮಣ್ಣಿನ ಗೋಡೆಯನ್ನು ಕೈಯಿಂದ ಸವರಿ, “ಇದು ಯಾರೂ ಯಾವತ್ತೂ ಅಗೆಯದ ಮಣ್ಣು, ನನ್ನ ಹತ್ತು ವರ್ಷದ ಅನುಭವದಲ್ಲಿ ಇಷ್ಟು ಶುದ್ಧವಾದ ಪದರ ನೋಡಿಲ್ಲ,” ಎಂದು ಹೇಳಿದ ಮರುಕ್ಷಣ ಅದೇ ಗೋಡೆಯಿಂದ ಅವರ ಊಟದ ಡಬ್ಬಿ ಹೊರಬಂತು. ಮೊಸರನ್ನ ಹುಳಿಯಾಗಿರಲಿಲ್ಲ. ಮೇಡಂ ಸ್ವಲ್ಪ ಹೊತ್ತು ಯೋಚಿಸಿ, ತಿಂದರು.

ನಾನು ದಿನಾ ಸಂಜೆ ಮುಖ ತಿರುಗಿಸುವಾಗ ದೇವರಿಗೆ ಕೃತಜ್ಞತೆ ಹೇಳುತ್ತಿದ್ದೆ. ಬ್ರಷ್ಷಿನ ವೇಗದಲ್ಲಿ ಹೋದರೆ ಗಂಟೆಯವರೆಗೆ ತಲುಪಲು ಮೊಮ್ಮಕ್ಕಳ ಕಾಲ ಬರಬೇಕಿತ್ತು. ಆದರೆ ಆಳುಗಳ ಕೂಲಿ ಏರುವುದನ್ನು ನೋಡಿ ಐದನೆಯ ದಿನ ಫಾದರ್ ಗಟ್ಟಿಯಾಗಿ ಹೇಳಿದರು: ಇವತ್ತು ಪೂರ್ತಿ ಆಳ ಅಗೆಯಬೇಕು, ಸಂಜೆಯೊಳಗೆ ಕಲ್ಲು ಏಳಬೇಕು. ಮೇಡಂ ಕೂಡ ಒಪ್ಪಿದರು. ಎದೆಮಟ್ಟ ಹೋದಾಗ ಊಟದ ಹೊತ್ತು. ದೊಡ್ಡಯ್ಯನೂ ಆಳುಗಳೂ ಬುತ್ತಿ ಬಿಚ್ಚಲು ಹುಣಸೆ ಮರದ ಕಡೆ ಹೋದರು. ಮೇಡಂ ಒಬ್ಬರೇ ಕೆಳಗೆ ಕೂತು ತಳವನ್ನು ಗುಡಿಸುತ್ತಿದ್ದರು.

“ಚೌರಪ್ಪನವರೇ, ಇಲ್ಲೊಂದು ಸುಟ್ಟ ಜೇಡಿಮಣ್ಣಿನ ದಿಬ್ಬ ಇದೆ. ಮೇಲ್ಗಡೆ ಲೋಹದ ಕುಣಿಕೆ ಥರ ಏನೋ. ದೊಡ್ಡದಿದೆ ಇದು.” ಏಣಿ ಹತ್ತಿ ಮೇಲೆ ಬಂದು, “ಕ್ಯಾಮೆರಾ ಒಳಗಿದೆ, ತರ್ತೀನಿ. ದಯವಿಟ್ಟು ಕಣ್ಣು ತೆಗೀಬೇಡಿ,” ಎಂದು ಓಡಿದರು.

ನಾನು ಮತ್ತು ಗಂಟೆ ಇಬ್ಬರೇ ಉಳಿದೆವು. ಗಂಟೆಯನ್ನು ನೇತು ಹಾಕುವ ಕಿವಿ ಜೇಡಿಯಿಂದ ಹೊರಗೆ ಬಂದು ಹೊಸ ಚೊಂಬಿನಂತೆ ಹೊಳೆಯುತ್ತಿತ್ತು. ಇಷ್ಟು ಸುಲಭವಾದ ಪಾಪ ಯಾರಿಗೂ ಸಿಗಲಾರದು. ಏನೂ ಮಾಡಬೇಕಾಗಿಲ್ಲ. ಕೈ ಎತ್ತಬೇಕಾಗಿಲ್ಲ, ಸುಳ್ಳೂ ಹೇಳಬೇಕಾಗಿಲ್ಲ. ವಯಸ್ಸಾಯಿತು ಮೇಡಂ, ಜೊಂಪು ಹತ್ತಿತು ಅಂದರೆ ಸಾಕು. ಕಣ್ಣು ಮುಚ್ಚಿದೆ. ಒಂದು ಅಂದೆ. ಎರಡು ಅಂದೆ. ಮಣ್ಣು ಸರಿಯುವ ಸದ್ದು ಕೇಳತೊಡಗಿತು. ಐದು. ಅಪ್ಪ ಗೆದ್ದ ಅಂದುಕೊಂಡೆ. ಆರು. ರಸ್ತೆಯಾಚೆಯಿಂದ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕುವ ಸದ್ದು ಬಂತು. ಏಳು.

ಏಳಕ್ಕೆ ಕಣ್ಣು ಬಿಟ್ಟೆ. ನ್ಯಾಯಕ್ಕಾಗಿ ಬಿಟ್ಟೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಅರ್ಧ ಸತ್ಯ. ಮೂವತ್ತೊಂದು ವರ್ಷದಲ್ಲಿ ನಾನು ಒಂದೇ ಒಂದು ಗುಂಡಿಯನ್ನೂ ಕಣ್ಣೆದುರಿಗೆ ಕಳೆದುಕೊಂಡವನಲ್ಲ; ಕಸುಬೇ ರೆಪ್ಪೆ ಹಿಡಿದು ಎಳೆಯಿತು. ಇನ್ನರ್ಧ ಆ ಪೆಟ್ಟಿಗೆಯ ಸದ್ದು. ಮಣ್ಣು ಆಗಲೇ ಸುತ್ತಲಿಂದ ಒಳಗೆ ಬಂದು ಗಂಟೆಯ ಕಿವಿಯೊಂದೇ ಕಾಣುತ್ತಿತ್ತು. ನಾನು ದಿಟ್ಟಿಸಿ ನೋಡಿದೆ. ಮಣ್ಣು ನಿಂತಿತು. ಕಣ್ಣು ಕೀಳದೆ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದೆ.

“ಆಗ್ನೇಸಮ್ಮಾ! ಓ ಆಗ್ನೇಸಮ್ಮಾ! ಬಾರವ್ವ ಇಲ್ಲಿ!”

ನಲವತ್ತು ವರ್ಷದಲ್ಲಿ ಅವಳ ಹೆಸರನ್ನು ಬೀದಿಯಲ್ಲಿ ಯಾರೂ ಕೂಗಿರಲಿಲ್ಲ. ಹುಣಸೆ ಮರದ ಕೆಳಗೆ ಉಣ್ಣುತ್ತಿದ್ದವರು ತುತ್ತು ಬಿಟ್ಟು ಓಡಿಬಂದರು. ಹಾಲು ಮಾರುವವರು, ಬಟ್ಟೆಯ ಗಂಟು ಹೊತ್ತವರು, ಕ್ಯಾಮೆರಾ ಹಿಡಿದ ಮೇಡಂ, ಕೈ ತೊಳೆಯದ ಫಾದರ್, ಎಲ್ಲರೂ ಬಂದರು. ಆಗ್ನೇಸಮ್ಮ ಕೊನೆಗೆ ಬಂದಳು. ಅವಳ ಕಾಲ ಸದ್ದು ನನ್ನ ಬೆನ್ನ ಹಿಂದೆ ನಿಂತಿತು. ನಾನು ತಿರುಗಲಿಲ್ಲ, ತಿರುಗುವಂತಿರಲಿಲ್ಲ.

“ನಿಮ್ಮಪ್ಪ ಗಂಟೆ ಕದ್ದಿಲ್ಲ ಕಣವ್ವ,” ಅಂದೆ. “ನಮ್ಮಪ್ಪ ನಿದ್ದೆ ಮಾಡ್ಬುಟ್ಟ. ಕಂಡೆ ಅಂದಿದ್ದು ಸುಳ್ಳು. ನಂಗೆ ಮೂವತ್ತೊಂದು ವರ್ಸದಿಂದ ಗೊತ್ತು.”

ಮೇಡಂ ಏಣಿ ಇಳಿದು ಜೇಡಿಯ ದಿಬ್ಬವನ್ನು ಕೈಯಿಂದ ಬಿಡಿಸಿ, “ಅಚ್ಚೇ ಒಡೆದಿಲ್ಲ. ಎರಕ ಹೊಯ್ದ ಮೇಲೆ ಇದನ್ನು ಯಾರೂ ಮುಟ್ಟಿಲ್ಲ,” ಎಂದು ಗಟ್ಟಿಯಾಗಿ ಹೇಳಿದರು. ಫಾದರ್ ನನ್ನ ಕಿವಿಯ ಹತ್ತಿರ ಬಗ್ಗಿ, “ಚೌರಪ್ಪ, ಪಾಪನಿವೇದನೆ ಒಳಗೆ ಬಂದು ಮಾಡಬಹುದಿತ್ತಲ್ಲ,” ಅಂದರು. ಗುಂಡಿ ಬಿಟ್ಟು ಹೇಗೆ ಬರಲಿ ಸ್ವಾಮಿ ಅಂದೆ. ಅಷ್ಟರಲ್ಲಿ ಆಗ್ನೇಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿಯಿಂದ ಗುಂಡಿಗೆ ಇಳಿದಳು. ಅಚ್ಚಿನ ಮೇಲೆ ಅಂಗೈ ಇಟ್ಟಳು. ಜೀವಮಾನವೆಲ್ಲ ಇಸ್ತ್ರಿ ಪೆಟ್ಟಿಗೆಯ ಕಾವು ನೋಡಿದ ಕೈ ಅದು.

“ಇನ್ನೂ ಆರಿಲ್ಲ,” ಅಂದಳು. “ಬೆಚ್ಗೈತೆ.”

ಆಮೇಲೆ ಅವಳು ಬೈಯಲು ಶುರು ಮಾಡಿದಳು. ನಲವತ್ತು ವರ್ಷ ಯಾರ ಜೊತೆಗೂ ಮಾತಾಡದವಳ ಹತ್ತಿರ ಮಾತು ಎಷ್ಟು ಉಳಿದಿರುತ್ತದೆ ಎಂದು ಅವತ್ತು ತಿಳಿಯಿತು. ನಮ್ಮಪ್ಪನಿಂದ ಹಿಡಿದು ಮುತ್ತಾತನವರೆಗೆ, ನಮ್ಮ ಮನೆಯ ಹಂದಿ ಸಾರಿನಿಂದ ಹಿಡಿದು ನನ್ನ ಹೆಂಡತಿಯ ಮೂಗುಬೊಟ್ಟಿನವರೆಗೆ ಯಾವುದನ್ನೂ ಬಿಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಬಹುದಿತ್ತು, ಎದ್ದು ಹೋಗಬಹುದಿತ್ತು. ಗಂಟೆ ಮೇಲೆ ಬರುವವರೆಗೆ ನಾನು ಗುಂಡಿ ನೋಡಲೇಬೇಕು, ಗುಂಡಿಯಲ್ಲಿ ಅವಳಿದ್ದಾಳೆ. ಮೂರು ಗಂಟೆ ಕಾಲ, ಅಚ್ಚು ಒಡೆದು ಹಗ್ಗ ಕಟ್ಟಿ ಗಂಟೆಯನ್ನು ಮೇಲಕ್ಕೆ ಎತ್ತುವವರೆಗೆ, ಅವಳು ಬೈದಳು, ನಾನು ಅವಳ ಮುಖವನ್ನೇ ನೋಡುತ್ತ ಬೈಸಿಕೊಂಡೆ. ನಡುನಡುವೆ ಆಳುಗಳು “ಅಮ್ಮ, ಕಾಲು ಸ್ವಲ್ಪ ಸರಿಸಿ,” ಅನ್ನುತ್ತಿದ್ದರು. ಅವಳು ಸರಿಸಿ, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಮೇಡಂ ತಮ್ಮ ಪುಸ್ತಕದಲ್ಲಿ ‘ವಸ್ತು ಹೂತುಹೋಗಲು ಕಾರಣ’ ಎಂಬ ಕಲಮಿನ ಎದುರು ಏನು ಬರೆಯಲಿ ಎಂದು ಮೆಲ್ಲಗೆ ಕೇಳಿದರು. ಅಪ್ಪನ ಹೆಸರನ್ನು ಪೂರ್ತಿಯಾಗಿ ಹೇಳಿದೆ: ಕಾವಲು ರಾಯಪ್ಪ, ಊಟವಾದ ಮೇಲೆ ನಿದ್ದೆ. ಹಾಗೇ ಬರೆದುಕೊಂಡರು. ಆ ಸಂಜೆ ಕಲ್ಲು ಕಟ್ಟಲು ಹೊತ್ತು ಸಾಲಲಿಲ್ಲ, ಗಂಟೆಯನ್ನು ಚರ್ಚಿನ ಒಳಗೆ ಸಾಗಿಸಿ ಎಲ್ಲರೂ ಮುಖ ತಿರುಗಿಸಿದೆವು.

ಮಾರನೆಯ ದಿನ ಊರಿಗೆ ಒಂದು ಹೊಸ ಕಷ್ಟ ಬಂತು. ಆಗ್ನೇಸಮ್ಮನ ಹತ್ತಿರ ಕ್ಷಮೆ ಕೇಳುವುದು ಹೇಗೆಂದು ಯಾರಿಗೂ ತಿಳಿಯದೆ, ಎಲ್ಲರೂ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಇಸ್ತ್ರಿಗೆ ತಂದರು. ಪರದೆ, ಚೀಲ, ಲಂಗೋಟಿ ಕೂಡ ಬಂತು. ಬಟ್ಟೆ ಇಟ್ಟು, “ಚೆನ್ನಾಗಿದ್ದೀಯಾ ಆಗ್ನೇಸಮ್ಮ?” ಎಂದು ಕೇಳಿದರು. “ನೆನ್ನೆವರ್ಗೂ ಇದ್ದೆ,” ಎಂದು ಹೇಳಿ ಅವಳು ಅಂಗಡಿಗೆ ಬೀಗ ಹಾಕಿ, ಚರ್ಚಿನ ಸಭೆಗೆ ಬಂದು ಹಿಂದೆ ನಿಂತಳು.

ಸಭೆ ಸೇರಿದ್ದು ನನ್ನ ವಿಚಾರಕ್ಕೆ. ನಮ್ಮ ಮನೆತನದ ಕಾವಲು ಹೋಯಿತು, ಅದರಲ್ಲಿ ಚರ್ಚೆಗೆ ಏನೂ ಇರಲಿಲ್ಲ. ನಾನೇ ಮುಕ್ಕಾಲಿಯನ್ನು ಫಾದರ್ ಮುಂದೆ ಇಟ್ಟೆ. ಆದರೆ ಶೌಚಾಲಯದ ಗುಂಡಿಯನ್ನು ಮತ್ತೆ ತೋಡಬೇಕಿತ್ತು, ಅದನ್ನು ಕಾಯುವವರು ಬೇಕಿತ್ತು. ಎಲ್ಲರೂ ಬಯಲಿಗೆ ಹೋಗಿ ಆಳುಗಳಿಂದ ಅಗೆಸುತ್ತ, ಮೊದಲು ಮಕ್ಕಳಿಗೆ ಜಪ ಕಲಿಸುವ ಉಪದೇಶಿಯವರನ್ನು ಕೂರಿಸಿದರು. ಯಾರೋ ನಮಸ್ಕಾರ ಅಂದರು, ಅವರು ಕತ್ತು ತಿರುಗಿಸಿ ನಮಸ್ಕಾರ ಅಂದು ಮನೆಯವರ ಆರೋಗ್ಯ ವಿಚಾರಿಸಿದರು, ಗುಂಡಿ ಹೋಯಿತು. ದೊಡ್ಡಯ್ಯನ ಭಾವಮೈದುನ ಕೂತ. ಅವನಿಗೆ ಸೀನು ಬಂತು. ಒಂದರ ಹಿಂದೆ ಒಂದು ಒಂಬತ್ತು ಸೀನು. ಮೇಡಂ ತಾವೇ ಕೂತರು, ಆದರೆ ಬರೆಯದೆ ನೋಡುವುದು ಅವರಿಂದ ಆಗಲಿಲ್ಲ. ಕೊನೆಗೆ ಆಗ್ನೇಸಮ್ಮ ಹಿಂದಿನಿಂದ ಬಂದು, ಯಾರನ್ನೂ ಕೇಳದೆ, ಮುಕ್ಕಾಲಿ ಎತ್ತಿಕೊಂಡಳು.

“ನಿನಗೆ ಆಗುತ್ತಾ ತಾಯಿ?” ಅಂದರು ಫಾದರ್.

“ನಲವತ್ತು ವರ್ಸ ಆ ಗೇಟಿನಾಗೆ ಹೋಗೋ ಬರೋರ ಮಕ ಎಲ್ಲಾನೂ ಕಣ್ ಕೀಳ್ದಂಗೆ ನೋಡಿವ್ನಿ ಸ್ವಾಮಿ. ತಲೆ ಬಗ್ಗಿಸ್ದೋರು ನೀವುಗಳು, ನಾನಲ್ಲ. ಒಂದು ಗುಂಡಿ ಏನ್ ಮಹಾ?”

ಅವಳು ಕೂತಳು. ಆಳುಗಳು ಅಗೆದರು. ಬಿಸಿಲು ಏರಿತು. ಕಾಯುವವರಿಗೆ ಒಬ್ಬರು ಕೊಡೆ ಹಿಡಿಯಬೇಕು, ಯಾರೂ ಮುಂದೆ ಬರಲಿಲ್ಲ, ನಾನು ಹೋಗಿ ಹಿಡಿದೆ. ಬೇಡ ಅನ್ನಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಮರದ ಕಡೆ ಹೋದರು. ನಾವಿಬ್ಬರೇ ಉಳಿದೆವು. ಗುಂಡಿಯಿಂದ ಕಣ್ಣು ತೆಗೆಯದೆ ಅವಳು ಕೇಳಿದಳು.

“ಆಮ್ಯಾಕೆ ನಿಮ್ಮಪ್ಪಂಗೆ ನಿದ್ದೆ ಬರ್ತಿತ್ತಾ?”

“ಇಲ್ಲ ಕಣವ್ವ. ಸಾಯೋವರ್ಗೂ ಸರ್ಯಾಗಿ ಮಲಗ್ಲಿಲ್ಲ.”

“ಒಳ್ಳೇದಾಯ್ತು,” ಅಂದಳು. ಆಮೇಲೆ ಹೇಳಿದಳು: “ನಮ್ಮಪ್ಪ ಮಲಗ್ತಿತ್ತು. ದಿನಾ ಗೊರ್ಕೆ ಹೊಡ್ಕಂಡು ಮಗೀನಂಗೆ ಮಲಗ್ತಿತ್ತು. ನಂಗೇ ನಿದ್ದೆ ಬರ್ತಿರ್ಲಿಲ್ಲ. ಒಂದೊಂದ್ ದಪ ಕುಂತ್ಕಂಡು ಅಪ್ಪನ ಮಕ ನೋಡ್ತಾ, ಇಷ್ಟು ಹಾಯಾಗಿ ಮಲಗ್ತದಲ್ಲ, ಕದ್ದಿದ್ರೂ ಕದ್ದಿರ್ಬೋದು ಅಂದ್ಕತ್ತಿದ್ದೆ. ನಾನೂ ಅಂದ್ಕಂಡಿದ್ದೆ ಚೌರಪ್ಪ. ಅದು ಹೋಗೋವರ್ಗೂ ಒಂದ್ ಕಿತಾನೂ ನೀನು ಕದ್ದಿಲ್ಲ ಕಣಪ್ಪ ಅಂತ ಬಾಯ್ಬಿಟ್ಟು ಹೇಳ್ಲಿಲ್ಲ ನಾನು.”

ಅವಳ ಎರಡೂ ಕಣ್ಣಿನಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ನೋಟ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಇಂಥ ಕಾವಲನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ. ನನಗೆ ತಡೆಯಲಾಗಲಿಲ್ಲ.

“ಕಣ್ ಒರೆಸ್ಕೊಳವ್ವ. ಅಲ್ಲೀವರ್ಗೂ ನಾನು ನೋಡ್ತಿರ್ತೀನಿ.”

“ಬ್ಯಾಡ,” ಅಂದಳು. “ನಿಮ್ಮ ಮನೇವ್ರನ್ನ ನಂಬಕಾಗಕಿಲ್ಲ. ನೀನು ಕೊಡೆ ನೆಟ್ಟಗೆ ಹಿಡಿ.”

ನೆಟ್ಟಗೆ ಹಿಡಿದೆ.